ಬಲಗಡೆಯ ಹೂ

ನಮ್ಮಪ್ಪ ನಗೆಯ ಸಿನಿಮಾ ನೋಡುವಾಗ ನಗುವ ಮಾತು ಬರುವ ಮೊದಲೇ ನಗುತ್ತಿದ್ದ. ಟಿವಿಯಲ್ಲಿ ನಾಯಕ ಇನ್ನೂ ಬಾಯಿ ತೆರೆದಿರುತ್ತಿರಲಿಲ್ಲ, ಅಪ್ಪನ ಹೊಟ್ಟೆ ಆಗಲೇ ಕುಣಿಯುತ್ತಿತ್ತು. ಅವನು ಸಾರಿಗೆ ಬಸ್ಸಿನ ಕಂಡಕ್ಟರ್. ಕೊಟ್ಟೂರಿನಿಂದ ಹರಪನಹಳ್ಳಿಗೆ, ಹರಪನಹಳ್ಳಿಯಿಂದ ಕೊಟ್ಟೂರಿಗೆ ಒಂದೇ ದಾರಿಯಲ್ಲಿ ದಿನಕ್ಕೆ ಆರು ಸಲ ಓಡಾಡುವವನಿಗೆ ಒಂದೇ ಸಿನಿಮಾವನ್ನು ಆರು ಸಲ ನೋಡುವುದು ಭಾರವೇ ಅಲ್ಲ. ಮುಂದಿನ ತಿರುವು ಗೊತ್ತಿದ್ದರೇ ಅವನಿಗೆ ಹಾಯೆನಿಸುತ್ತಿತ್ತು.

ಅವನಿಗೆ ಬೇಕಾದದ್ದು ಒಂದೇ ತರಹದ ಕಥೆ. ಕಾಲೇಜಿಗೆ ಹೋಗುವ ಒಬ್ಬ ಹುಡುಗ, ಒಬ್ಬಳು ಹುಡುಗಿ. ಮೊದಲು ಜಗಳ, ಆಮೇಲೆ ಪ್ರೀತಿ. ಹುಡುಗಿಯ ಮನೆಯಲ್ಲಿ ದಪ್ಪ ಮೀಸೆಯ ಅಪ್ಪ, ಸೆರಗಿನಲ್ಲಿ ಮೂಗೊರೆಸಿಕೊಳ್ಳುವ ಅಮ್ಮ, ಎಡವಿ ಬೀಳುವುದಕ್ಕೆಂದೇ ಮನೆಯಲ್ಲಿಟ್ಟುಕೊಂಡ ಒಬ್ಬ ಸೋದರಮಾವ. ಕೊನೆಗೆ ಮೀಸೆಯ ಅಪ್ಪ ಕರಗುತ್ತಾನೆ, ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಕರಗುವ ಹೊತ್ತಿಗೆ ಸರಿಯಾಗಿ ನಮ್ಮಪ್ಪನ ಕಣ್ಣಲ್ಲಿ ನೀರು. ಅವ್ವ ನೋಡುವ ರೀತಿಯೇ ಬೇರೆ. "ಇಷ್ಟೊತ್ತಾತು, ಈ ಮನ್ಯಾಗ ಒಬ್ರರ ರೊಟ್ಟಿ ಬಡಿದ್ರೇನು? ಬರೇ ಹಾಡತಾರ, ಬರೇ ಅಳತಾರ. ಹೊಟ್ಟಿಗೇನು ತಿಂತಾರ ಇವ್ರು?" ಎಂದು ಸಿನಿಮಾ ಮುಗಿಯುವವರೆಗೂ ಅದೊಂದೇ ಚಿಂತೆ ಅವಳಿಗೆ.

ನಾನು ಇವರಿಬ್ಬರ ನಡುವೆ ಕೂತು ಪಾಠ ಕಲಿಯುತ್ತಿದ್ದೆ. ನಗಲಿಕ್ಕೆಂದು ಮಾಡಿದ ಸಿನಿಮಾಗಳನ್ನು ನಮ್ಮ ಮನೆಯಲ್ಲಿ ಒಬ್ಬಳೇ ಒಬ್ಬಳು ಗಂಭೀರವಾಗಿ ನೋಡಿದ್ದರೆ ಅದು ನಾನು. ಪ್ರೀತಿ ಬರುವಾಗ ತಾನು ಬಂದೆನೆಂದು ಹೇಳಿಯೇ ಬರುತ್ತದೆ ಎಂದು ನಾನು ಆಗ ಕಲಿತೆ. ಗಾಳಿ ಬೀಸುತ್ತದೆ, ದುಪ್ಪಟ್ಟಾ ಹಾರಿ ಹುಡುಗನ ಮುಖದ ಮೇಲೆ ಬೀಳುತ್ತದೆ, ಕಾಲು ಜಾರುತ್ತದೆ, ಕೈಯಲ್ಲಿದ್ದ ಪುಸ್ತಕಗಳು ಚೆಲ್ಲಾಡುತ್ತವೆ. ಇಷ್ಟೆಲ್ಲ ಆದ ಮೇಲೆ ಯಾರಿಗಾದರೂ ಅನುಮಾನ ಉಳಿಯುತ್ತದೆಯೇ? ಉಳಿಯುವುದಿಲ್ಲ. ಅದೇ ನನಗೆ ಬೇಕಿತ್ತು. ಅನುಮಾನವಿಲ್ಲದ ಒಂದೇ ಒಂದು ಗಳಿಗೆ. ಅದು ಸಿಗದೆ, ಮದುವೆಯಾಗಿ ಒಂಬತ್ತು ವರ್ಷವಾದರೂ, ಮನೆಯಲ್ಲಿ ಎದುರಿಗೆ ಕೂತು ಊಟ ಮಾಡುವ ಗಂಡಸಿಗೆ ನನ್ನ ಮೇಲೆ ಪ್ರೀತಿ ಇದೆಯೋ ಇಲ್ಲವೋ, ನನಗಾದರೂ ಅವರ ಮೇಲೆ ಇದೆಯೋ ಇಲ್ಲವೋ ತಿಳಿಯದೆ ಒದ್ದಾಡಿದೆ. ಈ ಬರಹ ಆ ಒದ್ದಾಟದ್ದು.

ಬಿ.ಎಡ್. ಓದಲು ನಾನು ದಿನಾಲೂ ಹರಪನಹಳ್ಳಿಗೆ ಹೋಗುತ್ತಿದ್ದೆ, ಅಪ್ಪನದೇ ಬಸ್ಸಿನಲ್ಲಿ. ಹಿಂದಿನ ಬಾಗಿಲಿನ ಹತ್ತಿರ, ಕಂಡಕ್ಟರ್ ಸೀಟಿನ ಮುಂದಿನ ಸೀಟು ನನ್ನದು. ನಾಲ್ಕು ಸೀಟು ಮುಂದೆ ಕೂರುತ್ತಿದ್ದ ಒಬ್ಬ ಹುಡುಗ ಗಳಿಗೆಗೊಮ್ಮೆ ಹಿಂದಿರುಗಿ ನನ್ನ ಕಡೆ ನೋಡುತ್ತಿದ್ದ. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ಒಂದು ಇಡೀ ಮಳೆಗಾಲ. ಕಿಟಕಿಯಿಂದ ಗಾಳಿ ಬೀಸುತ್ತಿತ್ತು, ನನ್ನ ದುಪ್ಪಟ್ಟಾ ಹಾರುತ್ತಿತ್ತು, ಅದು ಪಕ್ಕದಲ್ಲಿ ಕೂತ ಅಜ್ಜಿಯ ಎಲೆಅಡಿಕೆ ಚೀಲಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಆದರೂ ಗಾಳಿ ಗಾಳಿಯೇ ಅಲ್ಲವೇ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಕೊನೆಗೊಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಅವನು ನನ್ನ ಹಿಂದೆ ಹಿಂದೆಯೇ ಬಂದ. ಬೀಳುವುದಿದ್ದರೆ ಬೀಳಲೆಂದು ನಾನು ಕೈಯಲ್ಲಿದ್ದ ಪುಸ್ತಕಗಳನ್ನು ಸಡಿಲವಾಗಿ ಹಿಡಿದೆ. ಅವನು ಕೈ ಹಿಸುಕಿಕೊಳ್ಳುತ್ತ ಹೇಳಿದ: "ಅಕ್ಕಾರ, ಆ ಕಂಡಕ್ಟ್ರು ನಿಮ್ಮ ತಂದಿಯಾರಂತಲ್ರಿ? ನನ್ನ ಪಾಸು ಮುಗದು ಬಾಳ ದಿನ ಆತು. ಅವ್ರು ಹಿಂದಿಂದ ಬರ್ತಾರೇನಂತ ನೋಡಿ ನೋಡಿ ನನಗ ಕುತ್ತಿಗಿ ನೋವು ಹಿಡದೈತಿ. ನೀವರ ಒಂದು ಮಾತು ಹೇಳ್ರಿ."

ನಾನು ಹೇಳಲಿಲ್ಲ. ಸಿಟ್ಟು ಬಂದಿತ್ತು. ಅವನ ಮೇಲೋ, ನನ್ನ ಮೇಲೋ, ಆ ಗಾಳಿಯ ಮೇಲೋ ಗೊತ್ತಾಗಲಿಲ್ಲ.

ಹಂಪಸಾಗರದ ಶಾಲೆಯಲ್ಲಿ ನನಗೆ ಮೇಷ್ಟ್ರ ಕೆಲಸ ಸಿಕ್ಕ ಮೇಲೆ ಮನೆಯಲ್ಲಿ ಮದುವೆಯ ಮಾತು ಎದ್ದಿತು. ಒಂದು ಭಾನುವಾರ, ಸಿನಿಮಾದ ನಡುವೆ ಜಾಹೀರಾತು ಬಂದಾಗ, ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ.

"ಲೇ ಅವ್ವಾ, ಯಾರರ ಅದಾರೇನು? ಇದ್ರ ಈಗ ಹೇಳಿಬಿಡು. ನಾನು ಮೂರು ದಿನ ಮಾತು ಬಿಡ್ತೀನಿ, ಊಟ ಬಿಡ್ತೀನಿ. ನಾಕನೇ ದಿನ ಒಪ್ಕೊಂತೀನಿ."

"ಯಾರೂ ಇಲ್ಲಪ್ಪ" ಎಂದೆ.

"ಖರೇನ ಯಾರೂ ಇಲ್ಲ?"

"ಖರೇನ."

ಅಪ್ಪನ ಮುಖ ಸಪ್ಪಗಾಯಿತು. ಎಷ್ಟು ವರ್ಷದಿಂದ ಕರಗಲು ತಯಾರಾಗಿದ್ದನೋ ಪಾಪ. ಒಳಗಿನಿಂದ ಅವ್ವ ಕೂಗಿದಳು: "ಊಟ ಬಿಡಾವ್ರು ಮೊದ್ಲ ಹೇಳ್ರಿ, ರೊಟ್ಟಿ ಕಮ್ಮಿ ಬಡೀತೀನಿ."

ನನ್ನನ್ನು ನೋಡಲು ಬಂದವರು ಹಗರಿಬೊಮ್ಮನಹಳ್ಳಿಯವರು. ಹುಡುಗನದು ಅಲ್ಲಿ ಒಂದು ಅಂಗಡಿ. ಲಗ್ನಪತ್ರಿಕೆ ಅಚ್ಚು ಹಾಕುವುದು, ಶಾಲೆಗೆ, ಪಂಚಾಯಿತಿಗೆ, ಸಂಘಗಳಿಗೆ ರಬ್ಬರಿನ ಸೀಲು ಮಾಡಿಕೊಡುವುದು. ಅವರ ತಂದೆಯ ಕಾಲದಲ್ಲಿ ಅದು ಸೀಸದ ಅಚ್ಚುಮೊಳೆ ಜೋಡಿಸುವ ಹಳೆಯ ಪ್ರೆಸ್ಸು. ಅವ್ವ ಬೆಳಿಗ್ಗೆಯಿಂದ ಮನೆಯ ಧೂಳು ಹೊಡೆದು, ಶೋಕೇಸಿನ ಗಾಜನ್ನು ಹಳೇ ಪೇಪರಿನಿಂದ ಉಜ್ಜಿ ಉಜ್ಜಿ ಇಟ್ಟಿದ್ದಳು. ಶೋಕೇಸಿನೊಳಗೆ ಅಪ್ಪನಿಗೆ ಡಿಪೋದಲ್ಲಿ ಬಹುಮಾನವಾಗಿ ಕೊಟ್ಟ ಒಂದು ಕಪ್ಪು, ನನ್ನ ಎರಡು ಗೊಂಬೆ, ಯಾರೂ ಬಳಸದ ಆರು ಗಾಜಿನ ಲೋಟ.

ನಾನು ಮಂಡಕ್ಕಿ ಒಗ್ಗರಣೆಯ ತಟ್ಟೆಗಳನ್ನು ತಂದಾಗ ಹುಡುಗ ತಲೆ ಎತ್ತಲಿಲ್ಲ. ಅಂದರೆ ತಲೆ ಎತ್ತಿಯೇ ಇತ್ತು, ಆದರೆ ನೋಟ ಶೋಕೇಸಿನ ಮೇಲೆ. ನಾನು ತಟ್ಟೆ ಇಟ್ಟೆ, ಅವರು ಶೋಕೇಸ್ ನೋಡುತ್ತಿದ್ದರು. ನಾನು ಮೆಣಸಿನಕಾಯಿ ತಂದಿಟ್ಟೆ, ಶೋಕೇಸ್ ನೋಡುತ್ತಿದ್ದರು. ಫ್ಯಾನಿನ ಗಾಳಿಯಾದರೂ ಸೆರಗನ್ನು ಹಾರಿಸೀತೆಂದು ನಾನು ಅದರ ಕೆಳಗೇ ನಿಂತೆ. ಕರೆಂಟ್ ಹೋಯಿತು. ಹಿರಿಯರು ಮಳೆ, ಬೆಳೆ, ಕೂಡ್ಲಿಗಿಯಲ್ಲಿರುವ ದೂರದ ನೆಂಟರು ಎಲ್ಲ ಮಾತಾಡಿ ಮುಗಿಸಿದ ಮೇಲೆ ಅಪ್ಪ, "ಏನರ ಮಾತಾಡೋದಿದ್ರ ಮಾತಾಡ್ರಿ, ಸಂಕೋಚ ಬ್ಯಾಡ" ಎಂದು ಹುಡುಗನಿಗೆ ಹೇಳಿದ. ಹುಡುಗ ಗಂಟಲು ಸರಿಮಾಡಿಕೊಂಡು ಒಂದೇ ಮಾತು ಆಡಿದ್ದು:

"ಗಾಜು ಬಾಳ ಸ್ವಚ್ಛ ಒರಸೀರಿ."

ಅವ್ವ ಹಿಗ್ಗಿ ಹೀರೇಕಾಯಿಯಾದಳು. ನಾನು ದಂಗಾದೆ. ಅದು ನನಗೆ ಹೇಳಿದ್ದೋ, ಅವ್ವನಿಗೆ ಹೇಳಿದ್ದೋ, ಗಾಜಿಗೆ ಹೇಳಿದ್ದೋ? ಹುಡುಗಿಯನ್ನು ನೋಡಲು ಬಂದವನು ಶೋಕೇಸ್ ಒಪ್ಪಿಕೊಂಡು ಹೋದನೇ?

ಮೂರನೇ ದಿನಕ್ಕೆ ಅವರ ಕಡೆಯಿಂದ ಒಪ್ಪಿಗೆ ಬಂತು. ಅಪ್ಪ ಕೇಳಿದ, "ನಿನಗೇನನಸ್ತದ?" ನಾನು ಯೋಚಿಸಿ ಯೋಚಿಸಿ, "ಏನೂ ಅನಸವಲ್ದು" ಎಂದೆ. ಬೇಡ ಅನ್ನಲು ಕಾರಣವಿರಲಿಲ್ಲ. ಬೇಕು ಅನ್ನಲು ಯಾವ ಗುರುತೂ ಆಗಿರಲಿಲ್ಲ. ಅವ್ವ ತನ್ನ ಅನುಭವ ಹೇಳಿದಳು: "ಏನೂ ಅನಸದಿದ್ರ ಚಲೋನ ಅಂತ ತಿಳಕೋ. ನನಗ ನಿಮ್ಮಪ್ಪನ್ನ ನೋಡಿದಾಗ ಹೊಟ್ಟಿ ತೊಳಸಿತ್ತು." ಇದರಿಂದ ನನ್ನ ಗೊಂದಲ ಇನ್ನೂ ಹೆಚ್ಚಾಯಿತು. ಕೊನೆಗೆ ನಾನೇ ಹೇಳಿದೆ, ದೇವರನ್ನು ಕೇಳೋಣ ಎಂದು.

ನಮ್ಮದು ಕುರಿ ಕಾಯುವವರ ಮನೆತನ. ಅಪ್ಪನೇ ಮೊದಲು ಸಂಬಳದ ಕೆಲಸಕ್ಕೆ ಸೇರಿದವನು. ಹಿರೇಹಡಗಲಿಯ ಆಚೆ ಒಂದು ಸಣ್ಣ ಗುಡ್ಡದ ಮೇಲೆ ನಮ್ಮ ಮನೆದೇವರ ಗುಡಿ ಇದೆ. ಮದುವೆ ಗೊತ್ತು ಮಾಡುವ ಮೊದಲು ಅಲ್ಲಿ ಹೂ ಕೇಳುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಪೂಜಾರಿ ದೇವರ ಎರಡು ಭುಜಕ್ಕೂ ಒದ್ದೆ ಮಾಡಿದ ಒಂದೊಂದು ಹೂ ಅಂಟಿಸುತ್ತಾನೆ. ಎಲ್ಲರೂ ಕೈಮುಗಿದು ಕಾಯುತ್ತಾರೆ. ದೇವರ ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದರ್ಥ. ಎಡಗಡೆಯದು ಬಿದ್ದರೆ ಬೇಡ. ಎಡಗಡೆ ಬಿದ್ದ ಮೇಲೆ ನಮ್ಮ ಮನೆತನದಲ್ಲಿ ಯಾರೂ ಹೆಜ್ಜೆ ಮುಂದಿಟ್ಟಿದ್ದಿಲ್ಲ. ನನ್ನ ದೊಡ್ಡಪ್ಪನ ಮಗಳಿಗೆ ಬಂಗಾರದಂಥ ಸಂಬಂಧ ಹೀಗೇ ತಪ್ಪಿಹೋಗಿತ್ತು.

ಅಪ್ಪನಿಗೆ ರಜೆ ಸಿಗಲಿಲ್ಲ. ಗುಡಿಯ ಹತ್ತಿರದ ಹಳ್ಳಿಯಲ್ಲೇ ಇದ್ದ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಈ ಕೆಲಸ ವಹಿಸಿದೆವು. ಅತ್ತೆಯ ಕೈಗೆ ಅದೇ ತಿಂಗಳು ಹೊಸ ಟಚ್ ಫೋನ್ ಬಂದಿತ್ತು. ಕುರಿ ಹಿಂಡಿನಲ್ಲಿ ನೂರು ಮರಿಗಳನ್ನು ಮುಖ ನೋಡಿ ಗುರುತು ಹಿಡಿಯುವ ಹೆಂಗಸು ಆಕೆ, ಫೋನ್ ಯಾವ ಮಹಾ! ಅಂದೇ ಮಧ್ಯಾಹ್ನ ವಿಡಿಯೋ ನಮಗೂ ಬಂತು, ಬೀಗರಿಗೂ ಹೋಯಿತು.

ವಿಡಿಯೋದ ತುಂಬ ಅತ್ತೆಯ ಮುಖ. ತಾನು ಸಾಕ್ಷಿಯಾಗಿ ಇದ್ದದ್ದು ಎಲ್ಲರಿಗೂ ಕಾಣಬೇಕೆಂದು ಆಕೆ ಸೆಲ್ಫಿ ತೆಗೆಯುವ ಹಾಗೆ ಫೋನನ್ನು ಮುಂದೆ ಚಾಚಿ, ದೇವರಿಗೆ ಬೆನ್ನು ಹಾಕಿ ನಿಂತಿದ್ದಳು. ಹಿಂದೆ ಅರಿಶಿನದ ಭಂಡಾರದಿಂದ ಹಳದಿಯಾದ ದೇವರು, ಭುಜಗಳ ಮೇಲೆ ಎರಡು ಹೂ. "ನೋಡ್ರೆಪಾ ಎಲ್ಲಾರೂ, ನಾನೂ ಅದೀನಿ, ದೇವ್ರೂ ಅದಾನ. ಯಾರೂ ಆಮ್ಯಾಲ ಏನೂ ಅನ್ನಬಾರ್ದು" ಎನ್ನುತ್ತಾಳೆ. ಪೂಜಾರಿ ಅಜ್ಜನಿಗೆ ಕಣ್ಣು ಮಂಜು; ಹೂ ಅಂಟಿಸಿ, ಹಾರಕ್ಕೆ ಬಾಯಿ ಹಾಕಲು ಬಂದ ಮೇಕೆಯನ್ನು ಓಡಿಸಲು ಹೊರಗೆ ಹೋಗುವ ಅವನ ಬೆನ್ನು ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಹೂ ಜಾರುತ್ತದೆ. ಅತ್ತೆ ಫೋನಿನೊಳಗೇ ಅದನ್ನು ನೋಡಿ ಕಿರುಚುತ್ತಾಳೆ: "ಬಿತ್ತು! ಬಲಗಡೀದು ಬಿತ್ತು!" ಪೂಜಾರಿ ಓಡಿ ಬಂದು ಕೆಳಗೆ ಬಿದ್ದ ಹೂವನ್ನು ತಡಕಾಡಿ ಆಕೆಯ ಉಡಿಗೆ ಹಾಕುತ್ತಾನೆ.

ದೇವರು ನಮಗೆ ಎದುರಾಗಿ ನಿಂತಾಗ ಅವನ ಬಲ ನಮ್ಮ ಎಡಕ್ಕೆ ಬರುತ್ತದೆ ಎನ್ನುವುದು ನಮಗೆಲ್ಲ ಗೊತ್ತು. ಪರದೆಯ ಎಡಕ್ಕಿದ್ದ ಹೂವೇ ಬಿದ್ದಿತ್ತು. ಸರಿಯಾಗಿಯೇ ಇತ್ತು. ಮನೆಯಲ್ಲಿ ಎರಡು ದಿನ ಜಗಳವಾದದ್ದು ಬೇರೆ ವಿಷಯಕ್ಕೆ: ಅತ್ತೆ ದೇವರಿಗೆ ಬೆನ್ನು ಕೊಟ್ಟು ನಿಂತದ್ದು ತಪ್ಪೋ ಅಲ್ಲವೋ ಎಂದು. ಆ ಜಗಳದಲ್ಲಿ ಮಿಕ್ಕದ್ದನ್ನು ಯಾರೂ ನೋಡಲಿಲ್ಲ. ನಾನಂತೂ ನಿರಾಳವಾಗಿದ್ದೆ. ಗಾಳಿ ಬೀಸದಿದ್ದರೇನು, ಕಾಲು ಜಾರದಿದ್ದರೇನು? ಹೂ ಜಾರಿತ್ತು. ಅದೂ ಬಲಗಡೆಯದು.

ಮದುವೆಯಾಯಿತು. ಹಗರಿಬೊಮ್ಮನಹಳ್ಳಿಗೆ ಬಂದೆ. ಅಲ್ಲಿಂದಲೇ ಹಂಪಸಾಗರದ ಶಾಲೆಗೆ ಓಡಾಟ.

ಗಂಡ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಬರುವುದೆಲ್ಲ ದೂರೇ. ಅವರು ಮಾತಾಡುವುದು ಸೀಲಿನಲ್ಲಿ ಹಿಡಿಸುವಷ್ಟು: ಮೂರು ಸಾಲು, ಅದಕ್ಕಿಂತ ಹೆಚ್ಚಿಲ್ಲ. ಮದುವೆಯ ಹೊಸದರಲ್ಲಿ ಖಾನಾವಳಿಗೆ ಕರೆದುಕೊಂಡು ಹೋದರೆ, ಎದುರಿಗೆ ಹೊಸ ಸೀರೆಯ ಹೆಂಡತಿ ಕೂತಿರುವಾಗ, ಅವರು ಗಾಜಿನ ಬಾಗಿಲಿನ ಮೇಲೆ ಹೊರಗಿನಿಂದ ಬರೆದದ್ದನ್ನು ಒಳಗಿನಿಂದ ಓದುತ್ತಿದ್ದರು. ಸೀಲಿನಲ್ಲಿ ಅಕ್ಷರ ತಿರುವುಮುರುವಾಗಿರಬೇಕಲ್ಲ, ಚಿಕ್ಕಂದಿನಿಂದ ಅದೇ ರೂಢಿ. ನೇರ ಅಕ್ಷರ ಓದುವಷ್ಟೇ ಸಲೀಸಾಗಿ ತಿರುವು ಅಕ್ಷರವನ್ನೂ ಓದುತ್ತಾರೆ. ಹೆಂಡತಿಯ ಮುಖವನ್ನು ಓದಲು ಮಾತ್ರ ಯಾರೂ ಕಲಿಸಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಸಿನಿಮಾಕ್ಕೆ ಹೋದರೆ ಇನ್ನೊಂದು ಫಜೀತಿ. ಎಲ್ಲರೂ ನಗುವಾಗ ಇವರು ನಗುವುದಿಲ್ಲ. ನಾಯಕಿಯ ಮದುವೆ ತಪ್ಪಿಸಲು ನಾಯಕ ಬೀದಿ ಬೀದಿ ಓಡುತ್ತಿದ್ದರೆ, "ಯಾಕ ಓಡ್ತಾನ ಇವ? ಒಂದು ಫೋನ್ ಮಾಡಬಾರ್ದಾ?" ಎನ್ನುತ್ತಾರೆ. ನಾನು, "ಓಡಿದ್ರನ ಪ್ರೀತಿ ಐತಿ ಅಂತ ಗೊತ್ತಾಗ್ತದ್ರಿ" ಎಂದರೆ, "ಓಡಿದ್ರ ಬೆವರು ಬರ್ತದ" ಎನ್ನುತ್ತಾರೆ. ನಮಗೊಬ್ಬಳು ಮಗಳು, ಈಗ ಎರಡನೇ ಕ್ಲಾಸು. ಅವಳು ಟಿವಿಯಲ್ಲಿ ಅಂಥ ಸಿನಿಮಾ ಬಂದರೆ ಅಜ್ಜನ ಹಾಗೆಯೇ ಮೊದಲೇ ನಗುತ್ತಾಳೆ. "ಈಗ ಆ ಆಂಟಿ ಬೀಳ್ತಾಳ ನೋಡವ್ವ" ಎನ್ನುತ್ತಾಳೆ. ಆಂಟಿ ಬೀಳುತ್ತಾಳೆ, ಹುಡುಗ ಹಿಡಿಯುತ್ತಾನೆ. ನಾನು ಅಂಗಳದಲ್ಲಿ ಪಾಚಿಗೆ ಜಾರಿ ಬಿದ್ದಾಗ ನಮ್ಮವರು ಬಂದು ನೋಡಿ, ಮಾರನೆಯ ದಿನ ಇಡೀ ಅಂಗಳ ತಿಕ್ಕಿಸಿದರು. ಹಿಡಿಯಲಿಲ್ಲ. ಇದನ್ನು ಪ್ರೀತಿಯ ಪಟ್ಟಿಗೆ ಹಾಕಬೇಕೋ ಸ್ವಚ್ಛತೆಯ ಪಟ್ಟಿಗೆ ಹಾಕಬೇಕೋ?

ಶಾಲೆಗೆ ಹೊಸದಾಗಿ ಬಂದ ಟೀಚರುಗಳು, "ಅಕ್ಕಾರ, ನಿಮ್ದು ಲವ್ವೋ, ಅರೇಂಜೋ?" ಎಂದು ಕೇಳಿದರೆ ನಾನು, "ದೇವರು ಕೊಟ್ಟ ಹೂ" ಎನ್ನುತ್ತಿದ್ದೆ. ಎಲ್ಲರೂ ಆಹಾ ಎನ್ನುತ್ತಿದ್ದರು. ನನ್ನ ಅನುಮಾನಗಳ ಕೆಳಗೆ ಆ ಹೂ ಒಂದೇ ಗಟ್ಟಿಯಾಗಿ ಉಳಿದಿದ್ದ ನೆಲ.

ಇನ್ನೊಂದು ವಿಚಿತ್ರ ಹೇಳಬೇಕು. ನಮ್ಮವರು ಗುಡಿಗುಂಡಾರಕ್ಕೆ ಹೋಗುವ ಪೈಕಿ ಅಲ್ಲ. ತಮ್ಮ ಮನೆದೇವರಿಗೇ ವರ್ಷ ಬಿಟ್ಟು ವರ್ಷ ಹೋಗುವವರು. ಆದರೆ ನನ್ನ ತವರಿನ ಆ ಗುಡ್ಡದ ದೇವರಿಗೆ ಮಾತ್ರ ವರ್ಷಕ್ಕೊಮ್ಮೆ, ಅಮಾವಾಸ್ಯೆ ನೋಡಿ, ಅಂಗಡಿ ಮುಚ್ಚಿ, ನಾನು ಹೇಳುವ ಮೊದಲೇ ಹೊರಡುತ್ತಿದ್ದರು. ಅಲ್ಲಿ ಎಲ್ಲರೂ ತಪ್ಪಾಯಿತೆಂದು ಮೂರು ಸಲ ಗಲ್ಲ ಬಡಿದುಕೊಂಡು ಹೊರಗೆ ಬಂದರೆ ಇವರು ಬಡಿದುಕೊಳ್ಳುತ್ತಲೇ ಇರುತ್ತಿದ್ದರು. ಹತ್ತು, ಹದಿನೈದು, ಇಪ್ಪತ್ತು. ಹಿಂದೆ ನಿಂತ ಜನ ಮಿಕಮಿಕ ನೋಡುತ್ತಿದ್ದರು. ನನಗೆ ನಾಚಿಕೆ. "ಏನ್ ಅಷ್ಟು ಪಾಪ ಮಾಡೀರಿ?" ಎಂದರೆ, "ಇರ್ತಾವ ಏನರ" ಎನ್ನುತ್ತಿದ್ದರು. ಗುಮಾಸ್ತನಂಥ ಈ ಮನುಷ್ಯ ಏನು ಪಾಪ ಮಾಡಿಯಾರು ಎಂದು ನಾನೂ ಬಿಟ್ಟುಬಿಟ್ಟಿದ್ದೆ.

ಈ ವರ್ಷ ಬೇಸಿಗೆ ರಜೆಯಲ್ಲಿ ನನ್ನ ಹಳೇ ಫೋನಿನಿಂದ ಫೋಟೋಗಳನ್ನು ಹೊಸದಕ್ಕೆ ಹಾಕುತ್ತಿದ್ದೆ. ಹೂ ಕೇಳಿದ ಅತ್ತೆ ತೀರಿಕೊಂಡು ಮೂರು ವರ್ಷ. ಆ ವಿಡಿಯೋ ಸಿಕ್ಕಿತು. ಅವಳ ದನಿ ಕೇಳುವ ಆಸೆಯಿಂದ ಹಚ್ಚಿದೆ. "ನಾನೂ ಅದೀನಿ, ದೇವ್ರೂ ಅದಾನ." ಕಣ್ಣು ತುಂಬಿ ಬಂತು. ಎರಡನೇ ಸಲ ನೋಡುವಾಗ ದೇವರ ಹಿಂದಿನ ಗೋಡೆಯ ಮೇಲೆ ಒಂದು ಬೋರ್ಡು ಕಂಡಿತು. ಗುಡಿಯ ಜೀರ್ಣೋದ್ಧಾರಕ್ಕೆ ಕೊಟ್ಟವರ ಹೆಸರುಗಳು. ಅದರಲ್ಲಿ ನಮ್ಮಜ್ಜನ ಹೆಸರೂ ಇದೆ, ಮೇಲಿನಿಂದ ನಾಲ್ಕನೆಯದು. ಚಿಕ್ಕವಳಿದ್ದಾಗ ಅಪ್ಪ ಎತ್ತಿಕೊಂಡು ತೋರಿಸಿದ್ದು. ವಿಡಿಯೋ ನಿಲ್ಲಿಸಿ ದೊಡ್ಡದು ಮಾಡಿ ಅಜ್ಜನ ಹೆಸರು ಹುಡುಕಿದೆ. ಓದಲು ಬರಲಿಲ್ಲ. ಚಾಳೀಸು ಬಂತೇನೋ ಎಂದುಕೊಂಡೆ. ಕಣ್ಣೊರೆಸಿಕೊಂಡು ಮತ್ತೆ ನೋಡಿದೆ. ಅಕ್ಷರಗಳು ಸ್ಪಷ್ಟವಾಗಿಯೇ ಇದ್ದವು, ಆದರೆ ಒಂದೂ ಅಕ್ಷರವಲ್ಲ. ನಮ್ಮ ಶಾಲೆಯ ಒಂದನೇ ಕ್ಲಾಸಿನ ಮಕ್ಕಳು ಕೆಲವರು ಹಾಗೆ ಬರೆಯುತ್ತಾರೆ, ಬಾಲ ಈ ಕಡೆ ಬರಬೇಕಾದದ್ದು ಆ ಕಡೆ.

ಆಮೇಲೆ ಎದ್ದು ಹೋಗಿ ಫೋನನ್ನು ಕನ್ನಡಿಗೆ ಹಿಡಿದೆ. ಕನ್ನಡಿಯೊಳಗೆ ನಮ್ಮಜ್ಜನ ಹೆಸರು ನೆಟ್ಟಗೆ ಬಂತು. ದೇವರ ಬಲ ಎಡಗಳೂ ಅದಲುಬದಲಾದವು. ವಿಡಿಯೋ ಮತ್ತೆ ಹಚ್ಚಿದೆ. ಹೂ ಬಿತ್ತು. ದೇವರ ಎಡಗಡೆಯದು.

ಸೆಲ್ಫಿ ತೆಗೆಯುವಾಗ ಕೆಲವು ಫೋನುಗಳು ಕನ್ನಡಿಯ ಹಾಗೆಯೇ ಬಲವನ್ನು ಎಡ ಮಾಡಿ ತೆಗೆದಿಡುತ್ತವೆಯಂತೆ. ಅತ್ತೆಯದು ಅಂಥದ್ದು. ಆಕೆ ಸುಳ್ಳು ಹೇಳಿರಲಿಲ್ಲ, ದೇವರಿಗೆ ಬೆನ್ನು ಹಾಕಿ ಪರದೆಯಲ್ಲಿ ಕಂಡದ್ದನ್ನೇ ಕೂಗಿದ್ದಳು. ಪೂಜಾರಿ ಮೇಕೆ ಓಡಿಸುತ್ತಿದ್ದ. ಒಟ್ಟಿನಲ್ಲಿ ದೇವರು ಬೇಡ ಎಂದಿದ್ದ, ನಾವೆಲ್ಲ ಸೇರಿ ಹೂಂ ಎಂದು ಕೇಳಿಸಿಕೊಂಡಿದ್ದೆವು.

ಆ ವಾರ ನನ್ನ ತಲೆ ಸರಿ ಇರಲಿಲ್ಲ. ಒಂಬತ್ತು ವರ್ಷದಲ್ಲಿ ಆದದ್ದನ್ನೆಲ್ಲ ಮತ್ತೆ ತೆಗೆದು ನೋಡಿದೆ. ಮದುವೆಯಾದ ಆರು ತಿಂಗಳಿಗೆ ಅವರು ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡದ್ದು, ಹೆರಿಗೆಯಲ್ಲಿ ನಾನು ಸತ್ತು ಬದುಕಿದ್ದು, ಪ್ರೆಸ್ಸಿನ ಮಷೀನು ಎರಡು ಸಲ ಸುಟ್ಟದ್ದು. ಓಹೋ, ಎಡಗಡೆಯ ಹೂ ಎಂದುಕೊಂಡೆ. ಆದರೆ ಮಗಳು ಹುಟ್ಟಿದ್ದು? ಕಾಲು ಮುರಿದ ಆ ಎರಡು ತಿಂಗಳು ನಾವಿಬ್ಬರೂ ಹಾಸಿಗೆಯ ಮೇಲೆ ಕೂತು ಚೌಕಾಬಾರ ಆಡಿದ್ದು? ಅದೆಲ್ಲ ಯಾವ ಕಡೆಯ ಹೂ? ಅಪ್ಪನಿಗೆ ಹೇಳಿದರೆ ಎದೆ ಒಡೆದುಕೊಳ್ಳುತ್ತಾನೆ. ಅವ್ವನಿಗೆ ಹೇಳಿದರೆ ನಾಳೆಯೇ ಶಾಂತಿ ಮಾಡಿಸಲು ನಿಲ್ಲುತ್ತಾಳೆ. ಗಂಡನಿಗೆ ಹೇಳಿದರೆ? ಅಲ್ಲೇ ನನಗೆ ಭಯ. ಪ್ರೀತಿಯ ಸುದ್ದಿಯೇ ಎತ್ತದ ಮನುಷ್ಯ, ದೇವರ ಒಪ್ಪಿಗೆ ಇದೆ ಎಂದು ನನ್ನನ್ನು ಕಟ್ಟಿಕೊಂಡವರು. ಅದೂ ಇರಲಿಲ್ಲ ಎಂದಾದರೆ ನಾನು ಈ ಮನೆಯಲ್ಲಿ ಯಾಕಿದ್ದೇನೆ?

ಎಂಟನೇ ದಿನ ತಡೆಯಲಾರದೆ ಬೆಳಿಗ್ಗೆ ಅಂಗಡಿಗೇ ಹೋದೆ. ಅವರು ಯಾವುದೋ ಶಾಲೆಯ ಸೀಲಿಗೆ ಹಿಡಿ ಅಂಟಿಸುತ್ತಿದ್ದರು. ಎದುರಿನ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದೆ. ವಿಡಿಯೋ, ಬೋರ್ಡು, ಕನ್ನಡಿ, ಹೂ. ಹೇಳುತ್ತ ಹೇಳುತ್ತ ಅಳು ಬಂತು. ಅವರು ಸೀಲನ್ನು ಒತ್ತಿ ಹಿಡಿದುಕೊಂಡೇ ಕೇಳಿದರು. ಅಂಟು ಒಣಗುವವರೆಗೂ ಬಿಡುವ ಹಾಗಿರಲಿಲ್ಲ. ನಾನು ಮುಗಿಸಿದ ಮೇಲೆ ಹೇಳಿದರು:

"ಗೊತ್ತಿತ್ತು."

"ಏನ್ ಗೊತ್ತಿತ್ತು?"

"ಹೂ ಎಡಕ್ಕ ಬಿದ್ದದ್ದು."

"ಯಾವಾಗ ಗೊತ್ತಾತು?"

"ಅವತ್ತ. ವಿಡಿಯೋ ಬಂತಲ್ಲ, ಇಲ್ಲೇ ಕುಂತು ನೋಡಿದೆ. ಹಿಂದಿನ ಬೋರ್ಡು ತಿರುವು ಇತ್ತು."

ತಿರುವು ಅಕ್ಷರ ಓದುವುದೇ ಕಸುಬಾದವರ ಕಣ್ಣಿಗೆ ಆ ಬೋರ್ಡು ಮೊದಲ ನೋಟದಲ್ಲೇ ಬಿದ್ದಿತ್ತು. ನನಗೆ ಒಂಬತ್ತು ವರ್ಷ ಹಿಡಿದದ್ದು ಅವರಿಗೆ ಒಂದು ಗಳಿಗೆ. ನಾನು ಅಳುವುದನ್ನು ಮರೆತೆ. ಸಿಟ್ಟು ನೆತ್ತಿಗೇರಿತು.

"ಗೊತ್ತಿದ್ದೂ ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮ್ಮ ಮನ್ಯಾಗ ಬ್ಯಾಡ ಅಂತಿದ್ರು."

"ಅಂದ್ರ ಅಂತಿದ್ರು. ನಿಮಗೇನಾಗ್ತಿತ್ತು? ಇನ್ನೊಂದು ಹುಡುಗಿ ನೋಡ್ತಿದ್ರಿ. ನನ್ನ ಮುಖಾನರ ನೋಡಿದ್ರೇನು ನೀವು? ಬರೇ ಶೋಕೇಸ್ ನೋಡಿ ಹೋದ್ರಿ!"

ಅವರು ಸೀಲು ಕೆಳಗಿಟ್ಟರು. ಬೆರಳಿಗೆ ಹತ್ತಿದ ಅಂಟನ್ನು ಉಜ್ಜಿಕೊಳ್ಳುತ್ತ, ಯಾವುದೋ ಗಿರಾಕಿಗೆ ಉತ್ತರ ಹೇಳುವ ಹಾಗೆ ಹೇಳಿದರು: "ನೇರ ನೋಡಾಕ ನಾಚಿಕಿ ಬಂದಿತ್ತು. ಗಾಜಿನ್ಯಾಗ ನೀನ ಕಾಣತಿದ್ದಿ. ಅದಕ್ಕ ಹೇಳಿದೆ, ಸ್ವಚ್ಛ ಒರಸೀರಿ ಅಂತ."

ಸಿನಿಮಾದಲ್ಲಾದರೆ ಈ ಹೊತ್ತಿಗೆ ಏನಾದರೂ ಮಾಡುತ್ತಾರೆ. ನಾನು ಸ್ಟೂಲಿನಿಂದ ಎದ್ದೆ, ಮತ್ತೆ ಕೂತೆ. ಲಗ್ನಪತ್ರಿಕೆ ತಿದ್ದಿಸಲು ಒಬ್ಬ ಗಿರಾಕಿ ಬಂದ. ನಾನು ಮನೆಗೆ ಬಂದು ಅಡುಗೆಗೆ ಹಚ್ಚಿದೆ, ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಧ್ಯಾಹ್ನ ಅವರು ಸುಮ್ಮನೆ ಉಂಡು ಎದ್ದರು. ಒಂಬತ್ತು ವರ್ಷ ನಾನು ಹುಡುಕಿದ್ದು ಒಂಬತ್ತು ವರ್ಷವೂ ಮನೆಯಲ್ಲೇ ಇತ್ತಲ್ಲ ಎನ್ನುವ ಸಂತೋಷ ಒಂದು ಕಡೆ, ಒಂದು ಮಾತು ಹೇಳಬಾರದಿತ್ತೇ ಈ ಮೂಕ ಬಸವ ಎನ್ನುವ ಕೋಪ ಇನ್ನೊಂದು ಕಡೆ. ಯಾವುದು ಹೆಚ್ಚು ಎಂದು ಈಗಲೂ ಹೇಳಲಾರೆ.

ಮುಂದಿನ ಅಮಾವಾಸ್ಯೆಗೆ ಗುಡ್ಡಕ್ಕೆ ಹೋದೆವು. ಈ ಸಲ ಹೊರಡಿಸಿದವಳು ನಾನು. ಪೂಜಾರಿ ಅಜ್ಜನ ಮಗ ಈಗ ಪೂಜಾರಿ, ಕಣ್ಣು ಚುರುಕು. ಅವನು ಹಣೆಗೆ ಭಂಡಾರ ಹಚ್ಚಿದ. ಗೋಡೆಯ ಮೇಲೆ ಅಜ್ಜನ ಹೆಸರು ನೆಟ್ಟಗಿತ್ತು. ದೇವರು ಏನೂ ಆಗದವನ ಹಾಗೆ ನಿಂತಿದ್ದ. ನಮ್ಮವರು ಕಣ್ಣು ಮುಚ್ಚಿ ಎಂದಿನಂತೆ ಗಲ್ಲ ಬಡಿದುಕೊಳ್ಳಲು ಶುರು ಮಾಡಿದರು. ನಾಲ್ಕು, ಐದು, ಆರು. ದೇವರ ಮಾತು ಮುಚ್ಚಿಟ್ಟು ನನ್ನನ್ನು ಕಟ್ಟಿಕೊಂಡದ್ದಕ್ಕೆ ಈ ಮನುಷ್ಯ ಪ್ರತಿ ವರ್ಷ ಇಲ್ಲಿಗೆ ಬಂದು ತಾವೊಬ್ಬರೇ ತಪ್ಪೊಪ್ಪಿಕೊಳ್ಳುತ್ತಿದ್ದರು, ನಾನು ಪಕ್ಕದಲ್ಲೇ ನಿಂತು ನಾಚಿಕೆಪಟ್ಟುಕೊಳ್ಳುತ್ತಿದ್ದೆ. ನಾನೂ ನನ್ನ ಗಲ್ಲ ಬಡಿದುಕೊಳ್ಳತೊಡಗಿದೆ. ಮೂರಕ್ಕೆ ನಿಲ್ಲಿಸಲಿಲ್ಲ.

ಸದ್ದು ಕೇಳಿ ಅವರು ಕಣ್ಣು ತೆರೆದು ನನ್ನ ಮುಖ ನೋಡಿದರು, ನೇರವಾಗಿ.

"ನೀ ಯಾಕ ಬಡಕೊಂತಿ? ತಪ್ಪು ನಂದು."

"ಇಲ್ಲೀತನ ನಿಮ್ದೊಬ್ರದ ಇತ್ತು" ಎಂದೆ. "ಈಗ ನನಗೂ ಗೊತ್ತೈತಲ್ರಿ. ನಾನೂ ಯಾರಿಗೂ ಹೇಳಂಗಿಲ್ಲ."

ಆಮೇಲೆ ಇಬ್ಬರೂ ಬಡಿದುಕೊಂಡೆವು, ಪೂಜಾರಿ ಸಾಕು ಎನ್ನುವವರೆಗೆ.